ಹಡಗಿನ ಬೆನ್ನಿನ ಊರು

ವಾಸ್ಕೋದ ಡ್ರೈಡಾಕಿನ್ಯಾಗ ನೀರ ಬಸದು ನಿಲ್ಲಿಸಿದ ಹಡಗಿನ
ಹಿಂಬದಿಗೆ, ಹಗ್ಗದ ಹಲಗಿ ಮ್ಯಾಲ ಜೋತು ಬಿದ್ದು
ನಾ ಬರಿಯೂದು ಎಂಟ ಅಕ್ಷರ:
ಒಂದ ವಿ, ಎರಡ ಎ, ಎರಡ ಎಲ್, ಒಂದ ಇ, ಎರಡ ಟಿ.
ವಲೆಟ್ಟಾ.
ಒಂದೊಂದು ನನ್ನ ಮೊಳದುದ್ದ.
ಹನ್ನೊಂದು ವರ್ಷದಾಗ ಇಪ್ಪತ್ತಾರು ಹಡಗಿಗೆ ಬರದೀನಿ,
ಊರು ಎಲ್ಲೈತಿ ಗೊತ್ತಿರಲಿಲ್ಲ.

ಪಾಸ್ಕುನ್ನ ಕೇಳಿದೆ.
ಮೂವತ್ತು ವರ್ಷ ಹಡಗಿನ ಅಡಗಿಮನ್ಯಾಗ ಉಳ್ಳಾಗಡ್ಡಿ ಹೆಚ್ಚಿ
ಈಗ ಗೇಟಿನ ಕಾವಲಿಗೆ ಕುಂತಾನ.
ಮಾಲಕ ಪಗಾರ ಕೊಡದ ಓಡಿಹೋದ ಒಂದ ಚಳಿಗಾಲ
ಅಂವ ಅಲ್ಲೇ ಸಿಕ್ಕೊಂಡಿದ್ದನಂತ.
ಬೆಂಚಿನ ಮ್ಯಾಲ ಚಹಾ ಚೆಲ್ಲಿ ಬೆರಳಿಂದ ಎಳದ:
ದೊಡ್ಡ ಹನಿ ಮಾಲ್ಟಾ, ಸಣ್ಣ ಹನಿ ಗೋಝೊ,
ನಡುವ ಈ ಚುಕ್ಕಿ ನೋಡು, ಇದಕ್ಕ ಜೀರಿಗಿ ಅಂತ ಹೆಸರು.
ಜೀರಿಗಿ ಈಗ ಬೆಳಿಯೂದಿಲ್ಲ,
ಮಂದೀನೂ ಇಲ್ಲ, ಮೂರೋ ನಾಕೋ.
ಮ್ಯಾಲ ಇಟಲಿ, ಕೆಳಗ ಆಫ್ರಿಕಾ;
ಅವಕ್ಕ ಬೆಂಚು ಸಾಲಲಿಲ್ಲ.

ಹೊಳಿ ಒಂದೂ ಇಲ್ಲಂತ.
ಮನಿ ಕೆಳಗ ಗಂಟಿ ಆಕಾರದ ಗುಂಡಿ ಕಡದು
ಮಾಳಿಗಿ ನೀರ ಹಿಡೀತಿದ್ರು, ಈಗ ಸಮುದ್ರಾನ ಸೋಸಿ ಕುಡೀತಾರ.
ಕಲ್ಲು ಮೆತ್ತಗ, ಗರಗಸಕ್ಕ ಸಿಗತೈತಿ,
ಗೋವಿನಜೋಳದ ರೊಟ್ಟಿ ಬಣ್ಣ, ಊರಿಗೂರು ಅದೇ ಬಣ್ಣ.
ಒಂದ ಕಾಲಕ್ಕ ಹತ್ತಿ ಬೆಳದು, ನೂಲ ಮಾರಿ ಉಂಡ ಮಂದಿ.
ಹತ್ತಿ ಅಂದಕೂಡಲೆ ನಾ ಸ್ಟೂಲ್ ಹತ್ರ ಎಳಕೊಂಡೆ.
ನಮ್ಮವ್ವ ಗದಗಿನ ಜಿನ್ನಿನಾಗ ಹತ್ತಿ ತುರುಕಿ ತುರುಕಿ
ಕೆಮ್ಮಿ ಹ್ವಾದಾಕಿ.
ಏನಾತು ಹತ್ತಿಗೆ?
ಬ್ಯಾರೆ ದೇಶದ್ದು ಅಗ್ಗ ಬಂತು, ಅಂದ.
ಅಷ್ಟು ಸಾಕು. ತಿಳೀತು.

ಯಾರ್ಯಾರು ಆಳ್ಯಾರ, ಎಣಿಸಿ ಎಣಿಸಿ ಪಾಸ್ಕುನ ಬೆರಳು ಮುಗದವು.
ಅರಬರು ಮಾತು ಬಿಟ್ಟು ಹ್ವಾದ್ರು.
ಶಿಲುಬಿ ತೊಟ್ಟ ಸಿಪಾಯಿಗೊಳು ಕ್ವಾಟಿ ಬಿಟ್ಟು ಹ್ವಾದ್ರು;
ಅವರು ಚಕ್ರವರ್ತಿಗೆ ಕೊಡೂ ಬಾಡಿಗಿ ವರ್ಷಕ್ಕ ಒಂದ ಡೇಗೆ ಹಕ್ಕಿ!
(ಜುವಾರಿನಗರದ ನನ್ನ ಖೋಲಿ ಮಾಲಕಗ
ಒಂದ ಗುಬ್ಬಿ ಕೊಟ್ಟು ನೋಡಬೇಕು.)
ತುರ್ಕರು ನಾಕು ತಿಂಗಳು ತೋಪು ಹೊಡದು ಸೋತು ಹ್ವಾದ್ರು.
ಆಮ್ಯಾಲ ಕಟ್ಟಿದ ಪಟ್ಟಣಕ್ಕ ಗೆದ್ದ ಮುದುಕನ ಹೆಸರು,
ಅಂದ್ರ ನಾ ಇಷ್ಟು ದಿನ ಬರದದ್ದು ಒಬ್ಬ ಮನಷ್ಯಾನ ಹೆಸರು.
ಬ್ರಿಟಿಷರು ಹಡಗಿನ ಡಾಕು ಬಿಟ್ಟು ಹ್ವಾದ್ರು.
ಬಾಂಬಿನ ವರ್ಷ ನೆಲಮಾಳಿಗ್ಯಾಗ ಏನು ತಿಂದ್ರು ಅಂತ
ಪಾಸ್ಕುಗೂ ಯಾರೂ ಹೇಳಿಲ್ಲ.
ಅಲ್ಲಿ ಮುದುಕ್ಯಾರು ಶಿಲುಬಿ ಮುಂದ ಮೊಣಕಾಲೂರಿ
ದೇವರನ್ನ ಅಲ್ಲಾ ಅಂತ ಕರೀತಾರ.
ಬಾಯಾಗ ಅರಬಿ, ಕಾಗದದ ಮ್ಯಾಲ ರೋಮಿ ಅಕ್ಷರ,
ನಮ್ಮ ಕೊಂಕಣಿ ಹಾಂಗ, ಅಂತ ಪಾಸ್ಕು ಹುರುಪಾದ.

ಈಗ ಅವರು ಬೆಳಿಯೂದು ಬಾವುಟ.
ಈ ಹಡಗಿನ ಮಾಲಕ ಗ್ರೀಕ, ಕಪ್ತಾನ ಉಕ್ರೇನಿನಾಂವ,
ಖಲಾಸಿಗೊಳು ಫಿಲಿಪೀನ್ಸಿನವರು,
ಹೊತ್ತು ತಂದದ್ದು ಇಂಡೋನೇಷಿಯಾದ ಕಲ್ಲಿದ್ದಲು.
ಊರು ಮಾತ್ರ ವಲೆಟ್ಟಾ.
ಇದು ಆ ಊರು ಕಂಡಿಲ್ಲ. ಆ ಊರು ಇದನ್ನ ಕಂಡಿಲ್ಲ.
ಕಾಗದಪಾ, ವರ್ಷಕ್ಕ ಇಷ್ಟು ಅಂತ ಕಟ್ಟಿದ್ರ ಆತು.
ನನಗ ನಗಿ ಬಂತು, ಆಮ್ಯಾಲ ಬರಲಿಲ್ಲ.
ಮಗಳ ಸಾಲಿ ಫಾರ್ಮಿನಾಗ ಸ್ವಂತ ಊರು ಅಂತ ಒಂದ ಖಾನೆ ಇತ್ತು.
ರೋಣ ತಾಲೂಕಿನ ಹಳ್ಳಿ ಹೆಸರು, ಒಳ್ಳೆ ಅಕ್ಷರದಾಗ, ನಾನ ಬರದೆ.
ಆಕಿ ಎರಡು ಸಲ ಓದಿ, ಕೊಂಕಣ್ಯಾಗ ಕೇಳಿದ್ಲು:
ಹೆಂ ಖಂಯ್?

ಮೀನದ ದೋಣಿ ಮೂತಿಗೆ ಅಲ್ಲಿ ಎರಡು ಕಣ್ಣು ಬರೀತಾರಂತ,
ಹಳದಿ ನೀಲಿ ದೋಣಿ, ಹುಬ್ಬ ಸಮೇತ ಕಣ್ಣು,
ಮನಿ ದಾರಿ ತಪ್ಪಬಾರದಂತ.

ನಿನ್ನೆ ಫೋರಮನ್ ಉಣ್ಣಾಕ ಹ್ವಾದಾಗ
ಡಬ್ಬಿ ತಳದ ಬಿಳಿ ಬಣ್ಣದಾಗ,
ಮೂತಿ ಹತ್ರ, ನೀರಿನ ಗೆರಿ ಕೆಳಗ,
ಒಂದ ಕಣ್ಣು ಬರದೆ. ಹುಬ್ಬಿನ ತನಕ.
ಇನ್ನೊಂದು ಆ ಮಗ್ಗಲಿಗೆ; ಅಷ್ಟರಾಗ ಭೋಂಗಾ ಆತು.
ಒಡಿಶಾ ಹುಡುಗರು ರೋಲರ್ ಹಿಡದು ಬಂದ್ರು,
ಕೆಂಪು ಬಳಕೊಂತ ಬಳಕೊಂತ
ಕಣ್ಣಿನ ಮ್ಯಾಲ ಹಾದು ಹ್ವಾದ್ರು, ನಿಲ್ಲಲಿಲ್ಲ.

ನಾಳೆ ಡಾಕಿಗೆ ನೀರ ಬಿಡತಾರ.
ಎರಡನೇ ಟಿ ಇನ್ನೂ ಒಣಗಿಲ್ಲ.